ಟವಲಿನಡಿಯ ಕೈ

ಅಥವಾ ಅದು ಕಂಬಳಿಯೇ ಆಗಿರಲಿಲ್ಲವೇನೋ. ಕಂಬಳಿ ಹೊದ್ದ ಮುದುಕನೊಬ್ಬ ನಮ್ಮ ಕೂರಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಬೇಸಗೆಯ ನಡುಮಧ್ಯಾಹ್ನ ಯಾರು ಕಂಬಳಿ ಹೊದೆಯುತ್ತಾರೆ?

ಎರಡನೇ ಮಹಾಯುದ್ಧ ಮುಗಿದ ಮರುವರ್ಷವಿರಬೇಕು. ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಗರುಡಾಚಾರ್‌ಪಾಳ್ಯದ ನಮ್ಮದು ಪಾಲಾಗದ ಮನೆ. ದೊಡ್ಡಪ್ಪನ ಮಾತೇ ಮಾತು. ನೇಗಿಲು, ಕುಂಟೆ, ನೊಗ ಎಲ್ಲವನ್ನೂ ಗಾಡಿಗೆ ಹೇರಿಸಿ ಹಲಸೂರಿನ ಹರಾಜಿನ ಅಂಗಳಕ್ಕೆ ಕಳಿಸಿದರು. ಬಿತ್ತನೆಯ ಕೂರಿಗೆಯೂ ಹೋಯಿತು. ಅಪ್ಪ ಎತ್ತು ಹೊಡೆದರೆ, ಅಮ್ಮ ಹಿಂದೆ ನಡೆಯುತ್ತಾ ಅದರ ಮರದ ಬಟ್ಟಲಿಗೆ ರಾಗಿ ಬಿಡುತ್ತಿದ್ದಳು.

“ಕೂರಿಗೆ ಒಂದ್ನಾದ್ರೂ ವಾಪಸ್ ತಂದ್ಬಿಡು ಮಗ,” ಎಂದು ಅಮ್ಮ ತನ್ನ ಗಂಟಿನ ದುಡ್ಡು ಕೊಟ್ಟಳು. “ಅದಿದ್ರೆ ಈ ಸಲ ನಾನೇ ನಿಂತು ಬಿತ್ತಿಸ್ತೀನಿ. ಹೊಲ ಬೀಳಾಗ್ಲಿ ಅಂತ್ಲೇ ಕಾಯ್ತಾವ್ನೆ ನಿಮ್ದೊಡ್ಡಪ್ಪ, ಇಟ್ಟಿಗೆ ಗೂಡ್ನೋರಿಗೆ ಕೊಡೋಕೆ.”

ನನಗೆ ಗೊತ್ತಿದ್ದದ್ದು ದನದ ಸಂತೆಯ ವ್ಯಾಪಾರ. ದಲ್ಲಾಳಿ ಟವಲಿನಡಿ ಕೈ ಹಿಡಿದು ಬೆರಳು ಅಮುಕಿ ಬೆಲೆ ಹೇಳುತ್ತಾನೆ. ಕೊನೆಗೆ ಅಂಗೈ ಒತ್ತಿದರೆ ಮುಗಿಯಿತು, ಮತ್ತೆ ಯಾರೂ ಬಾಯಿ ಹಾಕುವಂತಿಲ್ಲ.

ಅಂಗಳದಲ್ಲಿ ಪಟಾಲಮ್ಮಿನ ಹರಕು ಡೇರೆಗಳು, ಬಕೀಟುಗಳು, ಅವುಗಳ ಕೊನೆಗೆ ನಮ್ಮ ಸಾಮಾನು. ಮುದುಕ ತಲೆಯೆತ್ತದೆ ಟವಲು ಚಾಚಿದ. ದಲ್ಲಾಳಿ ಎಂದುಕೊಂಡು ಕೈ ಒಳಗಿಟ್ಟೆ. ಆ ಬಿಸಿಲಲ್ಲೂ ಅವನ ಕೈ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ನಾನು ಬೆರಳು ಹಿಡಿದು ಬೆಲೆ ಹೇಳಿದೆ. ಅವನು ಚೌಕಾಸಿ ಮಾಡಲಿಲ್ಲ. ನನ್ನ ಅಂಗೈಯನ್ನು ಮೂರು ಸಲ ಒತ್ತಿ ಬಿಟ್ಟ.

ಮುಗಿಯಿತೆಂದು ಹಿಂದೆ ಸರಿದು ನಿಂತೆ. ಹರಾಜು ಕೂಗುವವನು ಪೆಟ್ಟಿಗೆ ಹತ್ತಿ ಗಂಟೆ ಅಲ್ಲಾಡಿಸಿದ. ಕೂರಿಗೆಗೆ ಯಾರೋ ಒಬ್ಬ ಸವಾಲು ಕೂಗಿದ. ಒಂದು ಸಾರಿ, ಎರಡು ಸಾರಿ. ನಾನು ಸುಮ್ಮನಿದ್ದೆ. ಮೂರು ಸಾರಿ. ಯಾರದೋ ಆಳು ಅದನ್ನು ಹೆಗಲಿಗೆತ್ತಿಕೊಂಡು ನಡೆದ.

“ಅಣ್ಣ, ಅದು ನನ್ಗೆ ಆಗ್ಲೇ ಕುದುರಿತ್ತು!” ಎಂದು ಓಡಿದೆ. “ಆ ದಲ್ಲಾಳೀನ ಕೇಳಿ.”

“ಎಂಥಾ ದಲ್ಲಾಳಿ ಸಾಮಿ?” ಕೂಗುವವನು ನಕ್ಕ. “ಇದು ದನದ್ ಸಂತೆ ಅಲ್ಲ. ಬಾಯಿ ಬಿಟ್ಟು ಕೂಗ್ಬೇಕಿತ್ತು. ಬಾಯಲ್ಲಿ ಅವಲಕ್ಕಿ ಇಟ್ಕೊಂಡಿದ್ರಾ?”

ತಿರುಗಿ ನೋಡಿದರೆ ಕೂರಿಗೆ ಇದ್ದ ಜಾಗದಲ್ಲಿ ಯಾರೂ ಇರಲಿಲ್ಲ. ನೆಲದ ಮೇಲೆ ಹಿಡಿಯಷ್ಟು ರಾಗಿ ಬಿದ್ದಿತ್ತು. ಇಲ್ಲ, ಈ ರಾಗಿಯ ವಿಷಯ ನಾನು ಆಮೇಲೆ ಸೇರಿಸಿದ್ದೂ ಇರಬಹುದು.

ಮನೆಯಲ್ಲಿ ಅಮ್ಮ ಬೈಯಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: “ನಡುಬೆರಳು ಪೂರ್ತಿ ಇತ್ತಾ?”

ಅಪ್ಪನ ನಡುಬೆರಳು ಅರ್ಧವೇ ಇತ್ತು. ಉಳಿದದ್ದು ಎಂದೋ ಕುಡುಗೋಲಿಗೆ ಹೋಗಿತ್ತು.

ಆ ವರ್ಷ ಬಿತ್ತನೆಯಾಗಲಿಲ್ಲ. ದೀಪಾವಳಿಯ ಹೊತ್ತಿಗೆ ಹೊಲದಲ್ಲಿ ಇಟ್ಟಿಗೆ ಗೂಡು ಹೊಗೆಯಾಡುತ್ತಿತ್ತು. ಮರುವರ್ಷ ನಾನು ಬೆಂಗಳೂರು ದಂಡು ಪ್ರದೇಶದಲ್ಲಿ ಕೆಲಸ ಹಿಡಿದೆ. ಹೊಲ ಹೋದದ್ದಕ್ಕೆ ನಾನು ಅಷ್ಟೇನೂ ಅತ್ತವನಲ್ಲ.

ಈಗ ಕಣ್ಣು ಮುಚ್ಚಿದರೆ ಟವಲಿನಡಿ ಮೋಟು ಬೆರಳೇ ತಾಗುತ್ತದೆ. ಅದು ಅಂಗಳದಲ್ಲೇ ತಾಗಿತ್ತೋ, ಅಮ್ಮ ಕೇಳಿದ ಮೇಲೆ ಬಂದು ಸೇರಿತೋ ತಿಳಿಯದು. ಅಮ್ಮನಿಗೆ ಅವತ್ತು ಏನು ಉತ್ತರ ಕೊಟ್ಟೆ ಎಂಬುದೂ ನೆನಪಿಲ್ಲ. ಆ ಕೈ ಯಾರದೆಂದು ನನಗೆ ಗೊತ್ತಿಲ್ಲ.