ಗೆರೆ ಇದ್ದದ್ದು, ಗೆರೆ ಇಲ್ಲದ್ದು

ನಿನ್ನೆ ಹಳೆಯ ರೇಡಿಯೊ ಒಂದನ್ನು ಬಿಚ್ಚಿದಾಗ ಸುಟ್ಟ ಕೆಪಾಸಿಟರಿನ ಘಾಟು ಮೂಗಿಗೆ ಬಡಿಯಿತು. ನಿಮಗೆ ಅದರ ಪರಿಚಯವಿಲ್ಲದಿದ್ದರೆ ನೀವು ಪುಣ್ಯವಂತರು. ನನಗಂತೂ ಅದರ ಹಿಂದೆಯೇ ಅಜ್ಜನ ನೆನಪು ಬರುತ್ತದೆ.

ಆಗ ನಾವು ಸಾಂಗಲಿಯಲ್ಲಿದ್ದೆವು. ನಾನು ಮಿರಜಿಗೆ ಕಾಲೇಜಿಗೆ ಹೋಗುತ್ತಿದ್ದೆ. ಓಣಿಯ ಮೇಲೆ ಕೇಬಲ್ ಟೀವಿಯ ತಂತಿ, ಕೆಳಗೆ ಹೊಸ ಹೊಸ ಸ್ಕೂಟರುಗಳು. ಆ ಗದ್ದಲದಲ್ಲಿ ನೆಮ್ಮದಿಯಾಗಿದ್ದವನು ಅಜ್ಜ ಒಬ್ಬನೇ, ಏಕೆಂದರೆ ಅವನ ಕಿವಿ ಮಂದವಾಗಿತ್ತು. ಪೇಟೆಯ ಕಿವಿಯಂತ್ರ ಅವನಿಗೆ ಒಗ್ಗಲಿಲ್ಲ. ಅಜ್ಜಿ ಏನು ಹೇಳಬೇಕಾದರೂ ಕೂಗಬೇಕಿತ್ತು. ಹೀಗಾಗಿ ಕೂಗಿ ಹೇಳಬಹುದಾದ ಮಾತುಗಳಷ್ಟೇ ಅವರ ನಡುವೆ ಉಳಿದಿದ್ದವು: ಊಟ, ಗುಳಿಗೆ, ಬಸದಿಗೆ ಹೊರಡುವ ಹೊತ್ತು.

ದನಿ ಹೆಚ್ಚಿಸುವ ಆಂಪ್ಲಿಫೈಯರ್ ಒಂದನ್ನು ನಾನೇ ಮಾಡಿಕೊಡುತ್ತೇನೆಂದು ಹೊರಟೆ. ಒಂದು ತುದಿಗೆ ಮೈಕು, ನಡುವೆ ದನಿ ಹಿಗ್ಗಿಸುವ ಐಸಿ ಚಿಪ್ಪು, ಇನ್ನೊಂದು ತುದಿಗೆ ಹೆಡ್‌ಫೋನು. ಒಂದರಿಂದ ಇನ್ನೊಂದಕ್ಕೆ ದನಿ ದಾಟಿಸಲು ಕೆಪಾಸಿಟರು ಬೇಕು, ಅವುಗಳಲ್ಲಿ ಎರಡು ಬಗೆ. ಪುಟ್ಟ ಡಬ್ಬಿಯಂಥವಕ್ಕೆ ಪ್ಲಸ್ಸು ಮೈನಸ್ಸು ಉಂಟು. ಮೈನಸ್ ಕಡೆಗೆ ಗೆರೆ ಎಳೆದಿರುತ್ತದೆ. ಬಿಲ್ಲೆಯಂಥವಕ್ಕೆ ಆ ರಗಳೆಯಿಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ಜಾಣ ನಾನು, ಮೊದಲ ದಿನವೇ ಡಬ್ಬಿಯನ್ನು ತಿರುವುಮುರುವಾಗಿ ಬೆಸೆದು ಕರೆಂಟು ಕೊಟ್ಟೆ. ಫಟ್ ಎಂದು ಸಿಡಿಯಿತು. ಅಜ್ಜಿ ಬೆಚ್ಚಿಬಿದ್ದಳು, ಅಜ್ಜ ತಲೆ ಎತ್ತಿಯೂ ನೋಡಲಿಲ್ಲ.

ಹೆದರಿ ಎಲ್ಲ ಕಡೆಗೂ ಬಿಲ್ಲೆಗಳನ್ನೇ ಹಾಕಿದೆ. ಸಿಡಿಯಲಿಲ್ಲ ನಿಜ, ಆದರೆ ಅಜ್ಜಿಯ ದನಿ ಸೊಳ್ಳೆಯ ದನಿಯಾಗಿ ಬಂತು. ಅಜ್ಜ ಹೆಡ್‌ಫೋನು ತೆಗೆದಿಟ್ಟ.

"ಇದು ನಿಮ್ಮ ಅಜ್ಜಿ ದನಿ ಅಲ್ಲೊ" ಎಂದ.

ಆ ಮಾತು ನನ್ನನ್ನು ಮತ್ತೆ ಮೇಜಿನ ಮುಂದೆ ಕೂರಿಸಿತು. ದನಿಯ ದಪ್ಪ ಭಾಗ ಹೆಡ್‌ಫೋನಿಗೆ ದಾಟಲು ದೊಡ್ಡ ಕೆಪಾಸಿಟರೇ ಬೇಕು. ಅಷ್ಟು ದೊಡ್ಡದು ನನ್ನ ಕೈಗೆ ಸಿಗುವುದು ಗೆರೆಯ ಡಬ್ಬಿಯಲ್ಲೇ. ಮೀಟರು ಹಿಡಿದು ನೋಡಿದೆ. ಐಸಿಯ ಕಡೆ ಸದಾ ವೋಲ್ಟೇಜು ಹೆಚ್ಚು. ಹಾಗಾದರೆ ಪ್ಲಸ್ ಅತ್ತ, ಗೆರೆ ಹೆಡ್‌ಫೋನಿನತ್ತ. ಮೈಕಿನ ಬಳಿ ಸಣ್ಣದು ಸಾಕಾಗಿತ್ತು. ಅಲ್ಲಿ ಬಿಲ್ಲೆಯನ್ನೇ ಬಿಟ್ಟೆ. ಈ ಸಲ ಗೆರೆಯನ್ನು ಇನ್ನೊಮ್ಮೆ ನೋಡಿಕೊಂಡು ಸ್ವಿಚ್ಚು ಒತ್ತಿದೆ. ಸಿಡಿಯಲಿಲ್ಲ.

ಅಜ್ಜ ಹೆಡ್‌ಫೋನು ಹಾಕಿಕೊಂಡ. ಅಜ್ಜಿ ಮೈಕನ್ನು ತುಟಿಯ ಹತ್ತಿರ ಹಿಡಿದು, ಕೂಗದೆ, ಮೆಲ್ಲಗೆ ಕೇಳಿದಳು.

"ಏನ್ರಿ, ಕೇಳಸ್ತೈತಿ?"

ಅಜ್ಜ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದ. "ಕೇಳಸ್ತೈತಿ. ನಿನ್ನ ದನಿ ಹಂಗ ಐತಿ, ಬದಲಾಗಿಲ್ಲ."

ನಾನು ಹೊಗಳಿಕೆಗಾಗಿ ಕಾದು ನಿಂತಿದ್ದೆ. ಅಜ್ಜಿ ನನ್ನತ್ತ ತಿರುಗಿದಳು. "ನೀ ಸ್ವಲ್ಪ ಹೊರಗ ಹೋಗಪ್ಪಾ. ಇವರ ಜೋಡಿ ಮಾತಾಡೂದೈತಿ."

ಕಟ್ಟೆಯ ಮೇಲೆ ಹೋಗಿ ಕುಳಿತೆ. ಒಳಗಿನ ಮಾತು ಬಹಳ ಹೊತ್ತು ನಡೆಯಿತು. ಒಂದಕ್ಷರವೂ ಹೊರಗೆ ಕೇಳಿಸಲಿಲ್ಲ. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಆಮೇಲೂ ಸಿಕ್ಕಿಲ್ಲ.

ಇಂದು ಬೆಳಿಗ್ಗೆ ಹೆಂಡತಿ ಅಡುಗೆಮನೆಯಿಂದ ಏನೋ ಹೇಳಿದಳು. ಕುಳಿತಲ್ಲಿಂದಲೇ ಹೂಂ ಎನ್ನುವುದು ನನ್ನ ರೂಢಿ. ಇಂದು ಎದ್ದುಹೋಗಿ ಅವಳ ಪಕ್ಕದಲ್ಲಿ ನಿಂತೆ.

"ಯಾಕ್ರಿ, ಏನ್ ಬೇಕಾಗಿತ್ತು?" ಎಂದಳು.

ಏನೂ ಬೇಡ, ನೀನು ಹೇಳುತ್ತಿದ್ದದ್ದನ್ನು ಹೇಳು ಎಂದೆ.