ದಾದಾ ತಿಂದ ಅರ್ಧ ಗೋಲು

ಹೋದ ತಿಂಗಳು ಲಿಂಗಸುಗೂರಿನಲ್ಲಿ ಒಂದು ಮದುವೆ. ಊಟಕ್ಕೆ ರಸಗುಲ್ಲಾ ಹಾಕಿದ್ದರು, ಡಬ್ಬಿಯದು. ಬಾಯಿಗಿಟ್ಟರೆ ರಬ್ಬರಿನ ಚೆಂಡು! ಮಾಡಿದವನನ್ನು ಹಿಡಿದು ಕೇಳಬೇಕು ಅನ್ನುವಷ್ಟು ಸಿಟ್ಟು ಬಂತು. ಆದರೂ ಆ ಪಾಕದ ವಾಸನೆ ಮೂಗಿಗೆ ಬಡಿದು ಎಲ್ಲೋ ಎಳೆದುಕೊಂಡು ಹೋಗುತ್ತಿತ್ತು... ಅಷ್ಟರಲ್ಲಿ ಬಡಿಸುವವ ಬಂದು ‘ಎಷ್ಟು ತಿಂದ್ರಿ ಯಜಮಾನ್ರ?’ ಎಂದು ಕೇಳಿದ. ಆ ಪ್ರಶ್ನೆಯನ್ನು ವರ್ಷಗಟ್ಟಲೆ ನನಗೆ ಕೇಳಿದವರು ಒಬ್ಬರೇ, ಕ್ಯಾಂಪಿನ ಮಿಠಾಯಿ ದಾದಾ.

ಸಿಂಧನೂರಿನ ಹತ್ತಿರ ಆರ್.ಎಚ್. ಕ್ಯಾಂಪಿನಲ್ಲಿ, ಬಸ್ಸು ನಿಲ್ಲುವ ಕಡೆ ಅವರ ಅಂಗಡಿ. ಅಲ್ಲಿನವರು ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಳಿ ಮಂದಿ, ಅಣ್ಣನಿಗೆ ದಾದಾ ಅನ್ನುವವರು, ಅವರಿಗೆ ಫುಟ್‌ಬಾಲ್ ಅಂದರೆ ಜೀವ. ನಾವು ಮಸ್ಕಿಯವರು. ನನ್ನದು ಬಟ್ಟೆ ಅಂಗಡಿ, ಆದರೆ ನಮ್ಮ ಟೀಮಿನ ಆಟವಿದ್ದ ದಿನ ಎಂಥ ಗಿರಾಕಿ ಬಂದರೂ ಶಟರ್ ಎಳೆದು ಹೊರಡುವವ ನಾನು. ಕಾಲಿನಿಂದ ಆಡಲು ಬಾರದು, ಬಾಯಿಯಿಂದ ಆಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ, ದಾದಾ ಒಬ್ಬರನ್ನು ಬಿಟ್ಟು.

ಪ್ರತಿವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಕ್ಯಾಂಪಿನ ಮೈದಾನದಲ್ಲಿ ನಮಗೂ ಅವರಿಗೂ ಪಂದ್ಯ. ಎದುರಾಳಿಯ ಬಲ ಎಷ್ಟಿದೆ ನೋಡಿಕೊಂಡು ಬರುತ್ತೇವೆಂದು ಹಿಂದಿನ ದಿನವೇ ನಾವು ನಾಲ್ಕೈದು ಮಂದಿ ದಾದಾರ ಅಂಗಡಿಗೆ ಹೋಗುತ್ತಿದ್ದೆವು. ನೋಡುವುದೇನು ಬಂತು, ಬರೀ ಕಾಲೆಳೆಯುವುದು. ನಿಮ್ಮ ಸೆಂಟರ್ ಫಾರ್ವರ್ಡ್‌ಗೆ ಹೊಟ್ಟೆ ಬಂದಿದೆಯಂತೆ, ಕಾಲಲ್ಲಿ ಚೆಂಡು ಇದ್ದರೂ ಅವನಿಗೆ ಕಾಣುವುದಿಲ್ಲವಂತೆ ಎಂದು ನಾವು. ನಿಮ್ಮ ಗೋಲ್‌ಕೀಪರ್ ಮೊನ್ನೆ ಇಲ್ಲೇ ಚಹಾದ ಗ್ಲಾಸು ಕೈಬಿಟ್ಟ, ಚೆಂಡು ಹಿಡಿಯುತ್ತಾನಾ ಎಂದು ಅವರು.

ಮೊದಲ ವರ್ಷ ಹೀಗೇ ಮಾತಿಗೆ ಮಾತು ಬೆಳೆದಾಗ ದಾದಾ, ಪಾಕದ ಕಡಾಯಿಯಲ್ಲಿ ಸವುಟು ಆಡಿಸುತ್ತಾ ತಣ್ಣಗೆ ಹೇಳಿದರು: ‘ನಾಳಿಗಿ ನೀವು ಮೂರ್ ಗೋಲ್ ತಿಂತೀರಿ.’

ಗೋಲು ಹೊಡೆಸಿಕೊಳ್ಳುವುದಕ್ಕೆ ಅವರ ಭಾಷೆಯಲ್ಲಿ ಗೋಲು ತಿನ್ನುವುದು ಎನ್ನುತ್ತಾರೆ. ಅದನ್ನು ಹಾಗೇ ಕನ್ನಡಕ್ಕೆ ಇಳಿಸಿದ್ದರು. ನಮಗೇನು ಗೊತ್ತು? ನಮ್ಮ ಕಡೆ ಗೋಲ್ ಅಂದರೆ ದುಂಡಗಿನದು. ಎದುರಿಗೆ ಕಡಾಯಿ ತುಂಬ ದುಂಡಗಿನ ರಸಗುಲ್ಲಾ. ನಾಳೆ ತಲಾ ಮೂರು ತಿನ್ನಿಸುತ್ತಾರೆ, ಎಷ್ಟು ದೊಡ್ಡ ಮನಸ್ಸು ಎಂದು ಖುಷಿಯಿಂದ ಎದ್ದು ಬಂದೆವು. ಮರುದಿನ ಸರಿಯಾಗಿ ಮೂರು ಗೋಲಿನಿಂದ ಸೋತು, ಸಪ್ಪೆ ಮುಖ ಹೊತ್ತು ಅಂಗಡಿಗೆ ಹೋಗಿ ಕೂತೆವು. ಮೂರು ಅಂದಿದ್ದಿರಲ್ಲ, ಕೊಡಿ ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಕ್ಕರು ನೋಡಿ... ಸವುಟು ಕೆಳಗಿಟ್ಟು, ಗೋಡೆಗೆ ಒರಗಿ, ಕಣ್ಣೊರೆಸಿಕೊಂಡು ನಕ್ಕರು. ಮಾತಿನ ಅರ್ಥ ಬಿಡಿಸಿ ಹೇಳಿದರು. ಆದರೂ ತಲಾ ಮೂರು ಹಾಕಿಯೇ ಹಾಕಿದರು.

ಅಂದಿನಿಂದ ಅದೇ ಪದ್ಧತಿಯಾಯಿತು. ಸೋತ ಕಡೆಯವರು ತಮ್ಮ ಟೀಮು ತಿಂದ ಗೋಲಿನಷ್ಟು ರಸಗುಲ್ಲಾ ಅಲ್ಲೇ ನಿಂತು ತಿನ್ನಬೇಕು. ವರ್ಷಾ ವರ್ಷಾ ನಾವೇ ತಿಂದೆವು. ಎಂಥ ರಸಗುಲ್ಲಾ ಅಂತೀರಿ, ಹಲ್ಲಿಗೆ ತಾಗುವ ಮೊದಲೇ ಕರಗುತ್ತಿತ್ತು. ನಾಲಿಗೆಯೆಲ್ಲ ಸಿಹಿ, ಹೊಟ್ಟೆಯೊಳಗೆ ಉರಿ. ಎಷ್ಟು ತಿಂದ್ರಿ ಎಂದು ದಾದಾ ರಸ್ತೆಗೆಲ್ಲ ಕೇಳುವಂತೆ ಕೇಳುತ್ತಿದ್ದರು. ಅಷ್ಟು ಛೇಡಿಸಿದರೂ ಒಬ್ಬರ ಮನಸ್ಸೂ ನೋಯಿಸಿದ್ದು ನಾನು ಕಾಣೆ. ಒಂದೇ ಒಂದು ಸಲ ನನ್ನ ಕೈಯಾರೆ ಅವರಿಗೊಂದು ತಿನ್ನಿಸಬೇಕು ಅನ್ನುವುದು ನನ್ನ ತಲೆಯೊಳಗೆ ಕೂತುಬಿಟ್ಟಿತು.

ಆ ದಿನವೂ ಬಂತು. ನಮ್ಮ ಎಡಗಾಲಿನ ಆಟಗಾರ ಕೊನೆಗಳಿಗೆಯಲ್ಲಿ ಒಂದು ಹೊಡೆದ. ಒಂದೇ, ಆದರೆ ಸಾಕಲ್ಲ! ಮೈದಾನದಲ್ಲಿ ಕುಣಿದಾದ ಮೇಲೆ ಕೂಗುತ್ತಾ ಅಂಗಡಿಗೆ ಓಡಿದೆವು. ದಾದಾ ಆಟ ನೋಡಿ ನಮಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಆ ವರ್ಷ ಬಹಳ ಸೊರಗಿದ್ದರು. ನಾನು ಕಡಾಯಿಯಿಂದ ಒಂದನ್ನು ಎತ್ತಿ ಅವರ ಮುಂದೆ ಹಿಡಿದೆ. ಒಳಗಿನಿಂದ ಅವರ ಹೆಂಡತಿ ಬಂದರು. ಅವರನ್ನು ನಾವೂ ಕ್ಯಾಂಪಿನವರ ಹಾಗೆ ಬೌದಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಸಕ್ಕರೆ ಕಾಯಿಲೆ ಏರಿದೆ, ಕಾಲಿನ ಗಾಯ ಮಾಯುತ್ತಿಲ್ಲ, ಡಾಕ್ಟರು ಸಿಹಿ ಮುಟ್ಟಲೇಬಾರದು ಎಂದಿದ್ದಾರೆ ಎಂದರು. ನಾನು ಕೈ ಹಿಂದಕ್ಕೆ ತೆಗೆದೆ. ಬೇಡ ಬಿಡಿ ದಾದಾ, ಗೆದ್ದದ್ದೇ ಸಾಕು ಎಂದೆ.

ಅವರಿಗೆ ಸಿಟ್ಟು ಬಂತು. ‘ಇಷ್ಟ ವರ್ಷ ನೀ ತಿಂದಿ, ನಾ ಬಿಟ್ಟೀನೇನು? ತಾ ಇಲ್ಲಿ.’

ರಸಗುಲ್ಲಾ ಕಸಿದುಕೊಂಡು, ಅಂಗೈಯಲ್ಲಿ ಒತ್ತಿ ಪಾಕವನ್ನೆಲ್ಲ ಹಿಂಡಿದರು. ಎರಡು ಹೋಳು ಮಾಡಿದರು. ಒಂದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ನನ್ನ ಕೈಗಿಟ್ಟರು.

‘ಆಫ್‌ಸೈಡ್ ಇತ್ತದು. ನಂದು ಅರ್ಧಾ ಅಷ್ಟ.’

ಬೌದಿ ಕೂಡ ನಕ್ಕುಬಿಟ್ಟರು. ಬಸ್ಸು ಬರುವ ತನಕ ನಾನು ವಾದ ಮಾಡಿದೆ, ನಿಮ್ಮವನೇ ಒಬ್ಬ ನಮ್ಮವನಿಗಿಂತ ಮುಂದೆ ಗೋಲಿನ ಬಾಯಲ್ಲಿ ನಿಂತಿದ್ದ, ಆಫ್‌ಸೈಡ್ ಆಗಿ ಗೋಲು ಲೆಕ್ಕಕ್ಕಿಲ್ಲದಂತೆ ಹೇಗಾಗುತ್ತದೆ ಎಂದು. ದಾದಾ ಕುಂಟುತ್ತಾ ಬಸ್ಸಿನ ಕಿಟಕಿಯ ತನಕ ಬಂದು, ಉಳಿದರ್ಧ ಬರುವ ವರ್ಷ ನೋಡೋಣ ಎಂದರು.

ಮರುವರ್ಷ ಪಂದ್ಯದ ಹಿಂದಿನ ದಿನ ಹೋದಾಗ ಅಂಗಡಿ ಮುಚ್ಚಿತ್ತು. ಮಳೆಗಾಲದಲ್ಲೇ ದಾದಾ ತೀರಿಕೊಂಡರಂತೆ, ನಮಗೆ ಸುದ್ದಿಯೇ ಮುಟ್ಟಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತೆವು. ಯಾರೂ ಯಾರ ಟೀಮನ್ನೂ ಹಂಗಿಸಲಿಲ್ಲ. ಮರುದಿನ ಗೆದ್ದವರು ಯಾರೋ... ಈಗ ನೆನಪಿಲ್ಲ.

ಮದುವೆ ಮನೆಯಲ್ಲಿ ಬಡಿಸುವವ ಇನ್ನೂ ನಿಂತೇ ಇದ್ದ. ಎಲೆಯ ಮೇಲಿನ ರಸಗುಲ್ಲಾವನ್ನು ಎರಡು ಹೋಳು ಮಾಡಿ, ಅರ್ಧ ತಿಂದು ಅರ್ಧ ಬಿಟ್ಟೆ. ಅದು ಆಫ್‌ಸೈಡ್ ಆಗಿರಲಿಲ್ಲ ದಾದಾ, ಇವತ್ತಿಗೂ ಹೇಳುತ್ತೇನೆ. ಇತ್ತು ಎಂದು ಜಗಳ ತೆಗೆಯಲು ಈಗ ನೀವಿಲ್ಲ.