ಮೀನಿಗೆ ಮಂಡಾಳು

ಹೋದ ತಿಂಗಳು ಮಗಳು ಒಂದು ದೊಡ್ಡ ರಟ್ಟಿನ ಖೋಕಾ ತಂದು ನಡುಮನೆಯಲ್ಲಿ ಇಳಿಸಿದಳು. ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಪಾಠ ಹೇಳುವವಳು ಅವಳು. ನರ್ಸ್ ಕೆಲಸದಿಂದ ನಿವೃತ್ತಳಾದ ನಾನು ಮೊಣಕಾಲು ಹಿಡಿದುಕೊಂಡು ಮನೆಯಲ್ಲಿ ಕೂತಿರುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ. ಖೋಕಾ ಬಿಚ್ಚಿದರೆ ಕೆಳಗೊಂದು ಗಾಜಿನ ತೊಟ್ಟಿ, ಮೇಲೊಂದು ಅಗಲವಾದ ತಟ್ಟೆ, ನಡುವೆ ಪುಟ್ಟ ಮೋಟಾರು. ತೊಟ್ಟಿಯಲ್ಲಿ ಮೀನು, ತಟ್ಟೆಯಲ್ಲಿ ಸೊಪ್ಪು. ಮೀನಿನ ಹೊಲಸು ನೀರು ಮೇಲೇರಿ ಸೊಪ್ಪಿಗೆ ಗೊಬ್ಬರವಾಗುತ್ತದಂತೆ, ಬೇರು ಸೋಸಿದ ನೀರು ಮತ್ತೆ ಕೆಳಗಿಳಿದು ಮೀನಿಗೆ ಸಿಗುತ್ತದಂತೆ. ಮೀನಿಗೆ ಕಾಳು ಹಾಕುವುದಕ್ಕೂ ಒಂದು ಡಬ್ಬಿ ಇದೆ. ಹೊತ್ತಿಗೆ ಸರಿಯಾಗಿ ತಾನೇ ಉದುರಿಸುತ್ತದೆ.

"ರಿಟೈರ್ ಆದವರಿಗಂತನ ಮಾಡ್ಯಾರವ್ವಾ. ನೀ ಏನೂ ಮಾಡೂದು ಬ್ಯಾಡ. ಸುಮ್ಮ ಕುಂತು ನೋಡು," ಎಂದಳು.

ನಾನೂ ಹೇಳಿದ ಮಾತು ಕೇಳುವವಳಂತೆ ಕೂತು ನೋಡಿದೆ. ಕೆಲವು ದಿನಗಳಲ್ಲಿ ಗಾಜಿಗೆ ಹಸಿರು ಹತ್ತಿತು. ಮುಚ್ಚಳ ಎತ್ತಿದಾಗ ಪಾಚಿಯ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ನೆಟ್ಟಗೆ ನಮ್ಮ ಹಳೆಯ ಮನೆಯ ಹೌಜಿನ ಕಟ್ಟೆಗೆ ಹೋಗಿಬಿಟ್ಟೆ.

ಎಂಬತ್ತರ ದಶಕದ ರಾಯಚೂರಿನಲ್ಲಿ ನಳದ ನೀರು ಒಂದು ದಿನ ಬಂದರೆ ಎರಡು ದಿನ ಮುನಿಸಿಕೊಳ್ಳುತ್ತಿತ್ತು. ಹಾಗಾಗಿ ಎಲ್ಲರ ಅಂಗಳದಲ್ಲೂ ನೀರು ತುಂಬಿಡುವ ಸಿಮೆಂಟಿನ ಹೌಜು. ನಮ್ಮಲ್ಲಿ ಎರಡಿದ್ದವು. ಹಳೆಯದು ಖಾಲಿ ಬಿದ್ದಿತ್ತು. ಅದೇ ಹೊತ್ತಿಗೆ ನನ್ನ ಮಾವನವರೂ ಕೆಲಸದಿಂದ ಖಾಲಿಯಾಗಿ ಮನೆಗೆ ಬಂದರು. ಮಲ್ಲಟದವರು, ಮಾನ್ವಿ ಕಡೆಯ ಕಾಲುವೆಯಲ್ಲಿ ಲಸ್ಕರ್ ಆಗಿದ್ದವರು. ಅಂದರೆ ತೂಬಿನ ಬಾಗಿಲು ಎತ್ತಿ ಇಳಿಸಿ ಹೊಲಗಳಿಗೆ ನೀರು ಬಿಡುವ ಕೆಲಸ. ಜೀವಮಾನವೆಲ್ಲ ನೀರಿನ ಜೊತೆ ನಡೆದವರು ನಮ್ಮ ಓಣಿಗೆ ಬಂದು ಕೂತರು, ಕೂತ ಕೆಲವೇ ತಿಂಗಳಲ್ಲಿ ಎದೆನೋವು ಕಾಣಿಸಿಕೊಂಡಿತು. ಭಾರ ಎತ್ತಬಾರದು, ವಿಶ್ರಾಂತಿ ಬೇಕು ಎಂದರು ಡಾಕ್ಟರು.

ನಾನಾಗ ಹೊಸದಾಗಿ ನರ್ಸ್ ಆದವಳು. ಹೊಸ ಅಗಸ ಬಟ್ಟೆ ಎತ್ತೆತ್ತಿ ಒಗೆದನಂತೆ. ಡಾಕ್ಟರು ಒಂದು ಪಾಲು ಹೇಳಿದ್ದನ್ನು ನಾನು ನಾಲ್ಕು ಪಾಲು ಮಾಡಿದೆ. ಮಾವ ಎದ್ದರೆ ಗಂಡ ಓಡಿ ಬರಬೇಕು, ಅವರು ನೀರಿನ ಕೊಡಕ್ಕೆ ಕೈ ಚಾಚಿದರೆ ನಾನು ಓಡಿ ಬರಬೇಕು.

"ಯವ್ವಾ, ಈ ಚಾದ ಬಸಿ ಆದ್ರೂ ನಾ ತೊಳಿಲೇನು?" ಎಂದು ಕೇಳುತ್ತಿದ್ದರು.

"ಬ್ಯಾಡ್ರಿ ಮಾವಾರ, ನೀವು ಆರಾಮ ಕುಂದರ್ರಿ."

ಅವರು ಕೂತರು. ಕೂತಂತೆಲ್ಲ ಮಾತು ಕಡಿಮೆಯಾಯಿತು. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಎದೆನೋವು ಬಿಟ್ಟರೂ ಮನುಷ್ಯ ನಮ್ಮ ಕೈಬಿಟ್ಟು ಹೋಗುತ್ತಿದ್ದಾರೆ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಪಕ್ಕದ ಮನೆಯ ಚಾಂದಬೀ ಖಾಲಾ ಪೇಟೆಯಲ್ಲಿ ಬಳೆ ಮಾರುವವರು. ಅವರೇ ಉಪಾಯ ಹೇಳಿದರು: "ಅರೇ ಬೇಟಿ, ಗ್ವಾಡಿ ನೋಡ್ಕೋತ ಕುಂತ್ರ ದಿಲ್ ಹೆಂಗ್ ನೆಟ್ಟಗ ಆಗ್ತದ? ಆ ಖಾಲಿ ಹೌಜಿನ್ಯಾಗ ಮಛ್ಲಿ ಬಿಡ್ರಿ. ಅವ್ನ ನೋಡ್ಕೋತ ಆರಾಮ ಕುಂದರ್ತಾರ."

ನನ್ನ ತವರು ದೇವದುರ್ಗ. ಅಲ್ಲಿಗೆ ಹೋದಾಗ ಅಣ್ಣ ಹಳ್ಳದಲ್ಲಿ ಬೆರಳುದ್ದದ ಮೀನು ಹಿಡಿದು ಹಾಲಿನ ಕ್ಯಾನಿಗೆ ತುಂಬಿಕೊಟ್ಟ. ಕ್ಯಾನನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

"ಹಾಲೇನ್ರಿ ಅಕ್ಕಾರ?" ಎಂದ ಕಂಡಕ್ಟರು.

"ಮೀನ್ರಿ."

"ಸತ್ತಾವೋ, ಜೀವಂತ ಅದಾವೋ?"

"ಜೀವಂತ ಅದಾವ್ರಿ."

"ಹಂಗಾರ ಅವ್ಕೂ ಅರ್ಧ ಟಿಕೇಟು!"

ಬಸ್ಸೆಲ್ಲ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಮುದುಕಿ ಮಾತ್ರ ನಗಲಿಲ್ಲ. "ಪಾಪ, ಯಾವಾಗ ಉಂಡಾವೋ ಏನೋ," ಎಂದು ದಾರಿಯ ಕಲ್ಮಲ ಊರು ಬರುವುದರೊಳಗೆ ತನ್ನ ಗಂಟು ಬಿಚ್ಚಿ ಒಂದು ಹಿಡಿ ಮಂಡಾಳು, ಅಂದರೆ ಮಂಡಕ್ಕಿ, ಕ್ಯಾನಿಗೆ ಸುರಿದೇಬಿಟ್ಟಳು.

ಅಲ್ಲಿಂದಲೇ ಶುರುವಾಯಿತು. ನಿಮಗೆ ಗೊತ್ತಲ್ಲ, ನಮ್ಮ ಕಡೆ ಎದುರಿಗೆ ಬಂದವರನ್ನು ಮೊದಲು ಕೇಳುವುದೇ ಊಟದ ಮಾತು. ಉಪವಾಸ ಇರುವವರನ್ನು ನೋಡಿಕೊಂಡು ಸುಮ್ಮನಿರುವುದು ನಮಗೆ ಹುಟ್ಟಿನಿಂದಲೇ ಬಾರದು. ಹೌಜಿಗೆ ಬಂದ ಮೀನುಗಳೂ ನೆಂಟರೇ ಅಲ್ಲವೇ? ನನ್ನ ಗಂಡ ಕೆಲಸಕ್ಕೆ ಹೋಗುವಾಗ ರೊಟ್ಟಿ ಚೂರು ಹಾಕುತ್ತಿದ್ದರು, ಖಾಲಾ ಗೋಡೆಯ ಮೇಲಿಂದ ಬ್ರೆಡ್ಡು ಹಾಕುತ್ತಿದ್ದರು, ಬಂದು ಹೋಗುವವರೆಲ್ಲ ಮಂಡಾಳು ಹಾಕುತ್ತಿದ್ದರು. ನಾನಂತೂ ಉಪಚಾರದ ಪೀಠಾಧಿಪತಿ. "ಸಾಕ್ರ್ಯೋ, ಅವು ಕೇಳ್ಯಾವೇನು?" ಎಂದು ಕಟ್ಟೆಯ ಮೇಲಿಂದ ಮಾವ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ನೀರು ಹಸಿರಾಗಿ ನಾರಿತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಉಸಿರಿಗಾಗಿ ಒದ್ದಾಡುತ್ತಿವೆ ಎಂದು ನಮಗೆಲ್ಲಿ ತಿಳಿಯಬೇಕು? ಹಸಿವಾಗಿದೆ, ಕೇಳುತ್ತಿವೆ ಎಂದು ಇನ್ನೊಂದು ಹಿಡಿ ಹಾಕಿದೆವು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ, ನಮ್ಮದು ಬರೀ ಮಂಡಾಳು.

ಒಂದು ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದರೆ ಅರ್ಧಕ್ಕರ್ಧ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮಾವ ಬಕೀಟು ಹಿಡಿದು ಹೌಜಿಗೆ ಬಗ್ಗಿದ್ದರು. ನಾನು ಓಡಿಹೋಗಿ ಬಕೀಟಿನ ಹಿಡಿಕೆಗೆ ಕೈ ಹಾಕಿದೆ. ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ.

"ಮಾವಾರ, ನಿಮಗೇನರ ಆದ್ರ ನಾ ಏನ್ ಮಾಡ್ಲಿ?"

ಅವರು ಬಕೀಟು ಬಿಟ್ಟರು. ನನ್ನ ಮೇಲೆ ಎಂದೂ ದನಿ ಏರಿಸದ ಮನುಷ್ಯ.

"ಹಂಗಾರ ನನ್ನೂ ಈ ಹೌಜಿನ್ಯಾಗ ಹಾಕ್ರಿ. ಹೊತ್ತೊತ್ತಿಗೆ ಮಂಡಾಳು ಒಗೀರಿ. ಬಾಯಿ ತಗದ್ರ ಮುದುಕಗ ಹಸುವಾಗ್ಯದ ಅಂತ ತಿಳ್ಕೋರಿ!"

ನಗು ಬರಬೇಕಾದ ಮಾತು. ನನಗೆ ಅಳು ಬಂತು. ಒಳಗೆ ಹೋದೆ. ನೀರು ಕುಡಿಯುವ ಹಿತ್ತಾಳೆ ಚರಿಗೆ ತಂದು ಅವರ ಕೈಗಿಟ್ಟೆ. "ಬಕೀಟು ಬ್ಯಾಡ್ರಿ. ಇದ್ರಲೆ ಮಾಡ್ರಿ."

ಅವರು ಚರಿಗೆ ನೋಡಿದರು, ಹೌಜು ನೋಡಿದರು. "ಇದ್ರಲೆ ನೀರು ತಗದ್ರ ಸಂಜಿ ಆಗ್ತದಲ್ಲವ್ವಾ!"

"ಆಗ್ಲಿ ಬಿಡ್ರಿ. ನಿಮಗ ಮತ್ತೇನು ಅವಸರ ಅದ?"

ಎಷ್ಟೋ ತಿಂಗಳ ಮೇಲೆ ಅವರು ನಕ್ಕರು. ಆಮೇಲೆ ಕಟ್ಟೆ ತೋರಿಸಿ, "ನೀ ಕುಂದ್ರು ಯವ್ವಾ. ರಾತ್ರೆಲ್ಲಾ ನಿಂತು ಬಂದೀದಿ. ಕುಂತು ನೋಡು," ಎಂದರು. ಸೊಸೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನನಗೆ ಕುಂದ್ರು ಎಂದವರು ಅವರೊಬ್ಬರೇ.

ಅಂದಿನಿಂದ ಅದೇ ಅವರ ದಿನಚರಿಯಾಯಿತು. ಹೌಜಿನಿಂದ ಒಂದು ಚರಿಗೆ ಹಸಿರು ನೀರು ತೆಗೆದು ಅಂಗಳದ ಪುಂಡಿಪಲ್ಲೆ ಸೊಪ್ಪಿನ ಮಡಿಗೆ ಹಾಕುವುದು. ಇನ್ನೊಂದು ಹೌಜಿನಿಂದ ಒಳ್ಳೆಯ ನೀರು ತಂದು ಕೈ ಎತ್ತರಕ್ಕೆ ಹಿಡಿದು ಮೀನಿನ ಮೇಲೆ ಸುರಿಯುವುದು. "ನೀರು ಸಪ್ಪಳ ಮಾಡ್ಬೇಕವ್ವಾ. ಸಪ್ಪಳ ಇದ್ರ ಅದರಾಗ ಜೀವ ಇರ್ತದ," ಎನ್ನುತ್ತಿದ್ದರು. ಮಡಿಯಲ್ಲಿ ಬೆರಳಿನಿಂದ ಕಾಲುವೆ ಗೀರಿದರು, ಹಂಚಿನ ಚೂರುಗಳನ್ನು ಬಾಗಿಲು ಮಾಡಿ ಎತ್ತಿ ಇಳಿಸಿದರು. ಅಂಗಳದಲ್ಲೇ ಅವರ ಮಾನ್ವಿ ಕಾಲುವೆ ಹರಿಯಿತು. ಉಳಿದ ಮೀನು ಚುರುಕಾದವು, ಪುಂಡಿ ಮೊಣಕಾಲೆತ್ತರ ಬೆಳೆಯಿತು. ಎದುರು ಮನೆಯ, ಮಾಂಸ ಮುಟ್ಟದ ಅಕ್ಕ, "ಪಲ್ಲೆಕ್ಕ ಮೀನಿನ ವಾಸನಿ ಬರ್ತದೇನ್ರಿ?" ಎಂದು ಹತ್ತು ಸಲ ಮೂಸಿ, ತೊಳೆದು ತೊಳೆದು ಬೇಯಿಸಿದರು. ಮರುವಾರ ತಾವೇ ಬುಟ್ಟಿ ಹಿಡಿದು ಬಂದರು. ಮಾವನವರ ರೊಟ್ಟಿ ಮತ್ತೆ ಎರಡಾಯಿತು. ಹಲವು ವರ್ಷ ಇದ್ದರು. ಹೋಗುವ ಹಿಂದಿನ ವಾರದವರೆಗೂ ಚರಿಗೆ ಅವರ ಕೈಯಲ್ಲಿತ್ತು.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನೆ ಕೂರುವುದು ಹೇಗೆ? ಎದ್ದೆ. ಮೋಟಾರಿನ ಪ್ಲಗ್ಗು ಕಿತ್ತೆ, ಕಾಳಿನ ಡಬ್ಬಿ ಬಿಚ್ಚಿಟ್ಟೆ. ಅಡುಗೆಮನೆಯ ಮೇಲಿನ ಹಲಗೆಯಿಂದ ಆ ಹಿತ್ತಾಳೆ ಚರಿಗೆ ಇಳಿಸಿದೆ. ಮೊಣಕಾಲು ಬೈಯಿತು, ಬೈಯಲಿ ಎಂದೆ. ಒಂದು ಚರಿಗೆ ನೀರು ತೆಗೆದು ಬಾಗಿಲ ಬಳಿಯ ಪುಂಡಿ ಕುಂಡಕ್ಕೆ ಹಾಕಿ, ಇನ್ನೊಂದು ತೆಗೆಯುವಷ್ಟರಲ್ಲಿ ಮಗಳು ಬಂದಳು.

"ಅವ್ವಾ! ಏನ್ ಮಾಡಾಕತ್ತಿ? ಬಿದ್ದಗಿದ್ದೀ, ತಾ ಇಲ್ಲಿ!"

ಅವಳ ಕೈ ಚರಿಗೆಯ ಮೇಲೆ ಬಿತ್ತು. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಅಂದು ಮಾವ ಆಡಿದ ಮಂಡಾಳಿನ ಮಾತು ತುದಿನಾಲಿಗೆಗೆ ಬಂದಿತ್ತು. ಆದರೆ ಅವಳ ಮುಖ ನೋಡಿದೆ. ಅಂದು ಬಕೀಟು ಹಿಡಿದು ನಿಂತಿದ್ದ ನನ್ನ ಹೆದರಿಕೆಯೇ ಅಲ್ಲಿತ್ತು.

"ನೀ ಕುಂದ್ರು ಯವ್ವಾ," ಎಂದೆ. "ಬಸ್ಸಿನ್ಯಾಗ ನಿಂತು ಬಂದೀದಿ. ಕುಂತು ನೋಡು."

ಸ್ವಲ್ಪ ಹೊತ್ತಿಗೆ ಅವಳ ಕೈ ಸಡಿಲವಾಯಿತು. ಹೆಗಲ ಚೀಲವನ್ನೂ ಇಳಿಸದೆ ಹೊಸ್ತಿಲ ಮೇಲೆ ಕೂತಳು. ನಾನು ಒಳ್ಳೆಯ ನೀರು ತಂದು, ಕೈ ಎಷ್ಟು ಎತ್ತರ ಹೋಗುತ್ತದೋ ಅಷ್ಟು ಎತ್ತಿ, ಸಪ್ಪಳವಾಗುವಂತೆ ಸುರಿದೆ.